ಬೆಚ್ಚನೆಯ ನೆಲ

ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆಗಾಲದ ಅತ್ಯಂತ ಬೆಚ್ಚನೆಯ ಸ್ಥಳವೆಂದರೆ ಬಚ್ಚಲುಮನೆ. ಬೆಳಕು ಹರಿಯುವ ಮೊದಲೇ ಮನೆಯ ಹಿರಿಯರೊಬ್ಬರು ಎದ್ದು ಹಂಡೆಯ ಒಲೆಗೆ ಬೆಂಕಿ ಹಾಕುತ್ತಾರೆ. ಒಣಗಿದ ಅಡಕೆಸಿಪ್ಪೆ ಚಟಪಟನೆ ಹೊತ್ತಿಕೊಂಡು ದಪ್ಪ ಕೊರಡಿಗೆ ಬೆಂಕಿ ತಗಲುವ ವೇಳೆಗೆ ತಾಮ್ರದ ಹಂಡೆಯ ಬಾಯಿಂದ ಆವಿಯೇಳತೊಡಗುತ್ತದೆ. ಒಲೆಯ ಬದಿಯ ಗೋಡೆ ಬೆಚ್ಚಗಾಗುತ್ತದೆ; ಗೋಡೆಯ ಬುಡದ ಕಲ್ಲುಚಪ್ಪಡಿಯೂ ಬೆಚ್ಚಗಾಗುತ್ತದೆ. ಒದ್ದೆಯಾದ ಕಂಬಳಿಗಳು ಅಲ್ಲಿಯೇ ಒಣಗುತ್ತವೆ. ಮಕ್ಕಳು ಸ್ನಾನದ ನೆಪದಲ್ಲಿ ಬಂದು ಒಲೆಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತರೆ ಎಬ್ಬಿಸುವುದೇ ಕಷ್ಟ. ಹೊರಗೆ ಮಳೆ ಎಷ್ಟೇ ಸುರಿಯಲಿ, ಹಸುಗೂಸಿಗೆ ಎಣ್ಣೆ ಹಚ್ಚಿ ನೀರೆರೆಯುವ ಮುದುಕಿಗೆ ಆ ಚಳಿಯ ಅರಿವೇ ಇರುವುದಿಲ್ಲ.

ಅಂಥ ಬಚ್ಚಲುಮನೆಯಲ್ಲಿ ಬಂಧುಬಳಗದ ಎಂಟು ಬಾಣಂತನಗಳನ್ನು ಮಾಡಿ ಕೈ ಪಳಗಿಸಿಕೊಂಡಿದ್ದ ತೀರ್ಥಹಳ್ಳಿಯ ಕಡೆಯ ತಾಯಿಯೊಬ್ಬರು, 2018ರ ನವೆಂಬರಿನಲ್ಲಿ ಮಗಳ ಚೊಚ್ಚಲ ಹೆರಿಗೆಗೆಂದು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದಿಳಿದರು. ಅವರ ಪೆಟ್ಟಿಗೆಯಲ್ಲಿ ಕೂಸನ್ನು ಸುತ್ತುವುದಕ್ಕೆಂದು ಮೆತ್ತಗಾದ ಹಳೆಯ ಹತ್ತಿಸೀರೆಗಳೂ ಕುಳಿತು ನೀರೆರೆಯುವುದಕ್ಕೆ ಒಂದು ಹಲಸಿನ ಮಣೆಯೂ ಇದ್ದವು. ಮಗಳ ಮನೆಯು ಹತ್ತೊಂಬತ್ತನೆಯ ಶತಮಾನದ ಇಟ್ಟಿಗೆಯ ಸಾಲುಮನೆಗಳಲ್ಲೊಂದು. ಕಟ್ಟಿದ ಕಾಲಕ್ಕೆ ಆ ಮನೆಯೊಳಗೆ ಸ್ನಾನದ ಕೋಣೆ ಇರಲಿಲ್ಲ. ಅಡುಗೆಮನೆಯ ಹಿಂದೆ ಯಾರೋ ಅದನ್ನು ಎಷ್ಟೋ ಕಾಲದ ಮೇಲೆ ಸೇರಿಸಿದ್ದರು. ಮೂರು ಕಡೆಯ ಗೋಡೆಗಳು ಗಾಳಿಗೆ ತೆರೆದಿದ್ದವು; ಮಣ್ಣಿನ ಮೇಲೆ ನೇರವಾಗಿ ಕಾಂಕ್ರೀಟು ಸುರಿದು ಅದರ ಮೇಲೆ ಟೈಲ್ಸ್ ಅಂಟಿಸಿದ್ದರು. ಇಡೀ ಮನೆಗೆ ಅದೇ ತಣ್ಣನೆಯ ಕೋಣೆ. ತವರಿನಲ್ಲಿ ಯಾವುದು ಅತ್ಯಂತ ಬೆಚ್ಚನೆಯ ಸ್ಥಳವಾಗಿತ್ತೋ ಅದೇ ಇಲ್ಲಿ ಅತ್ಯಂತ ಚಳಿಯ ಸ್ಥಳವಾಗಿತ್ತು.

ಮಗು ಹುಟ್ಟಿದ್ದು 2019ರ ಜನವರಿಯಲ್ಲಿ. ಆ ತಿಂಗಳಿನಲ್ಲಿ ಲೀಡ್ಸಿನ ಹೊರಗಿನ ಉಷ್ಣತೆ ಸಾಮಾನ್ಯವಾಗಿ 4–5 ಡಿಗ್ರಿ ಸೆಲ್ಸಿಯಸ್. ಸೂರ್ಯೋದಯವಾಗುವುದು ಬೆಳಿಗ್ಗೆ ಎಂಟು ಗಂಟೆ ಕಳೆದ ಮೇಲೆ. ಅಜ್ಜಿ ನೆಲದ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನೀರು ಹೊರಗೆ ಹರಿಯದಂತೆ ಅದರ ಅಂಚುಗಳನ್ನು ಮಡಿಸಿ, ಮಣೆಯ ಮೇಲೆ ಕುಳಿತು, ಕಾಲುಗಳನ್ನು ಉದ್ದಕ್ಕೆ ಚಾಚಿ, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದರು. ಕೂಸಿನ ಮೈಮೇಲೆ ಬೀಳುವ ನೀರು ಹದವಾಗಿ ಬಿಸಿಯಾಗಿರುತ್ತಿತ್ತು. ಅಜ್ಜಿಯ ಹಿಮ್ಮಡಿ ಮತ್ತು ಮೀನಖಂಡಗಳು ಮಾತ್ರ ಆ ಹಾಳೆಯ ಮೂಲಕ ಮಂಜುಗಡ್ಡೆಯಂತಹ ನೆಲವನ್ನು ಒತ್ತಿಕೊಂಡಿರುತ್ತಿದ್ದವು. ಸ್ನಾನ ಮುಗಿದ ಮೇಲೆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು, ಬಾಗಿಲು ಮುಂದೆ ಮಾಡಿಕೊಂಡು, ಅವರು ಸ್ವಲ್ಪ ಹೊತ್ತು ಒಳಗೇ ಉಳಿಯುತ್ತಿದ್ದರು. ನೆಲ ಒರೆಸುತ್ತಿರಬಹುದೆಂದು ಮನೆಯವರು ಭಾವಿಸಿದ್ದರು.

ನಲವತ್ತನೆಯ ದಿನದ ಹೊತ್ತಿಗೆ ನಿಜಾಂಶ ತಿಳಿಯಿತು. ಅರೆ ತೆರೆದ ಬಾಗಿಲಿನ ಸಂದಿಯಿಂದ ಮಗಳು ನೋಡಿದಾಗ ತಾಯಿ ಎರಡೂ ಕೈಗಳಿಂದ ಗೋಡೆಯನ್ನು ಹಿಡಿದು ಮೇಲೇಳಲು ಯತ್ನಿಸುತ್ತಿದ್ದರು. ಒಮ್ಮೆ ಏಳಲಾರದೆ ಕುಳಿತರು, ಮತ್ತೊಮ್ಮೆ ಯತ್ನಿಸಿದರು. ಮಂಡಿಗಳು ಊದಿಕೊಂಡಿದ್ದವು. “ಇಷ್ಟು ದಿನ ಏಕೆ ಹೇಳಲಿಲ್ಲ, ಅಮ್ಮ?” ಎಂದು ಮಗಳು ಕೇಳಿದಾಗ, “ಹೇಳುವುದಕ್ಕೆ ಎಂಥದಿದೆ? ವಯಸ್ಸಾಯಿತು, ಮಂಡಿ ಅದರ ಪಾಡಿಗೆ ಅದು ಗೊಣಗುತ್ತದೆ. ಬಾಣಂತಿ ಚಳಿಯಲ್ಲಿ ನಿಲ್ಲಬಾರದು, ನೀನು ಒಳಗೆ ಹೋಗು” ಎಂದುಬಿಟ್ಟರು. ಮಂಡಿಯ ಕೀಲು ಸವೆದಿದೆಯೆಂದು ಅನಂತರ ವೈದ್ಯರು ಹೇಳಿದರು. ಆ ಸವೆತವು ಚಳಿಯಿಂದ ಬಂದುದಲ್ಲ. ಆದರೆ ಮೊದಲೇ ಇದ್ದ ನೋವನ್ನು ನಿತ್ಯವೂ ಬಡಿದೆಬ್ಬಿಸಿದ್ದು ಆ ನೆಲ. ಮನೆಯಲ್ಲಿ ಎಲ್ಲರ ಕಣ್ಣೆದುರಿಗೆ ಇದ್ದೂ ಯಾರಿಗೂ ಕಾಣದೆ ಉಳಿಯುವ ನೋವುಗಳಲ್ಲಿ ಅದೂ ಒಂದು.

2022ರಲ್ಲಿ ಮಗಳು ಮತ್ತೆ ಗರ್ಭಿಣಿಯಾದಳು. ಹೆರಿಗೆಯ ದಿನ ಮುಂದಿನ ಜನವರಿಯಲ್ಲಿ ಎಂದು ತಿಳಿದಾಗ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು: “ಆ ನೆಲವನ್ನು ಸರಿಪಡಿಸದೆ ಅಮ್ಮನನ್ನು ಕರೆಸುವುದು ಬೇಡ.” ವಿಷಯವನ್ನು ಕೇಳಿದ ತಾಯಿ ದೂರವಾಣಿಯಲ್ಲಿ ನಕ್ಕರು. “ನೆಲಕ್ಕೆ ಎಂಥ ಮದ್ದು? ಈ ಸಲ ಇನ್ನೂ ಎತ್ತರದ ಮಣೆ ತರುತ್ತೇನೆ, ಸಾಕು” ಎಂದರು. ಆದರೆ ನೆಲಕ್ಕೂ ಮದ್ದುಂಟು. ವಿದ್ಯುತ್ತಿನ ತಂತಿಯನ್ನು ಟೈಲ್ಸಿನ ಕೆಳಗೆ ಹಾಸಿ ನೆಲವನ್ನೇ ಬೆಚ್ಚಗೆ ಮಾಡುವ ಪದ್ಧತಿ ಆ ದೇಶದಲ್ಲಿ ಬಳಕೆಯಲ್ಲಿದೆ.

ಅಳಿಯನಿಗೆ ಈ ಯೋಚನೆ ಬಹಳ ಹಿಡಿಸಿತು. ಹಿಡಿಸಿದುದು ಎಷ್ಟೆಂದರೆ, ಮಾಡುವುದಾದರೆ ಕೆಳಗಿನ ಅಂತಸ್ತಿನ ನೆಲಕ್ಕೆಲ್ಲ ತಂತಿ ಹಾಸಿಬಿಡೋಣ ಎಂದು ಆತ ಹೊರಟನು. ಮಗಳು ಗಣಿತದ ಶಿಕ್ಷಕಿ. ಕಾಗದ ಪೆನ್ಸಿಲು ತೆಗೆದುಕೊಂಡು ಕುಳಿತಳು. ಇಂಥ ತಂತಿಯ ಜಾಲವು ಚದರ ಮೀಟರಿಗೆ ಸಾಮಾನ್ಯವಾಗಿ 150 ವಾಟ್ ಶಕ್ತಿಯದು. ಕೆಳಗಿನ ಅಂತಸ್ತು 40 ಚದರ ಮೀಟರು. ಎಂದರೆ 6,000 ವಾಟ್. ದಿನಕ್ಕೆ ಆರು ಗಂಟೆ ಉರಿದರೆ 36 ಯೂನಿಟ್. 2022ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಮನೆಗಳ ವಿದ್ಯುತ್ ದರವು ಸರಾಸರಿ ಯೂನಿಟ್ಟಿಗೆ ಸುಮಾರು 34 ಪೆನ್ಸಿಗೆ ಏರಿತ್ತು. ಆ ಲೆಕ್ಕದಲ್ಲಿ ದಿನವೊಂದಕ್ಕೆ ಹನ್ನೆರಡು ಪೌಂಡು ದಾಟುತ್ತದೆ. ತಿಂಗಳಿಗೆ ಮುನ್ನೂರ ಅರವತ್ತು ಪೌಂಡು ಮೀರುತ್ತದೆ. ಅದೇ ಕಾಲದಲ್ಲಿ ಅನಿಲದ ದರ ಯೂನಿಟ್ಟಿಗೆ ಸುಮಾರು 10 ಪೆನ್ಸ್ ಮಾತ್ರ. ಉಳಿದ ಕೋಣೆಗಳನ್ನು ಬೆಚ್ಚಗಿಡಲು ಅನಿಲದ ಒಲೆಯಿಂದ ಬಿಸಿನೀರು ಹರಿಯುವ ವ್ಯವಸ್ಥೆ ಆಗಲೇ ಇತ್ತು.

ಅವಳು ಎರಡನೆಯ ಲೆಕ್ಕವನ್ನು ಬರೆದಳು. ಸ್ನಾನದ ಕೋಣೆ ಎರಡೂವರೆ ಮೀಟರು ಉದ್ದ, ಎರಡು ಮೀಟರು ಅಗಲ. ಶೌಚಪೀಠ, ಕೈತೊಳೆಯುವ ತೊಟ್ಟಿ, ನೀರು ಹೋಗುವ ಕಿಂಡಿ, ಗೋಡೆಯ ಅಂಚು ಇವುಗಳನ್ನು ಬಿಟ್ಟರೆ ತಂತಿ ಹಾಸಬಹುದಾದ ಜಾಗ 4 ಚದರ ಮೀಟರು. ಎಂದರೆ 600 ವಾಟ್. ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಬಿಡುವಿಲ್ಲದೆ ಉರಿದರೂ 1.8 ಯೂನಿಟ್, ಸುಮಾರು 61 ಪೆನ್ಸ್. ಅಗತ್ಯವಾದಷ್ಟು ಬೆಚ್ಚಗಾದೊಡನೆ ತಾಪನಿಯಂತ್ರಕವು ತಂತಿಯನ್ನು ನಿಲ್ಲಿಸುವುದರಿಂದ ನಿಜವಾದ ಖರ್ಚು ಅದಕ್ಕಿಂತಲೂ ಕಡಿಮೆ. “ನಮಗೆ ಬೇಕಾದದ್ದು ಬೆಚ್ಚನೆಯ ಮನೆಯಲ್ಲ, ಅಮ್ಮ ಕಾಲು ಚಾಚುವಷ್ಟು ಬೆಚ್ಚನೆಯ ಜಾಗ” ಎಂದಳು. ಆ ಮಾತಿಗೆ ಅಳಿಯನು ಒಪ್ಪಿದನು.

ತಂತಿಗೆ ಬದಲಾಗಿ ಬಿಸಿನೀರಿನ ಕೊಳವೆಗಳನ್ನು ನೆಲದಲ್ಲಿ ಹುದುಗಿಸುವ ಪದ್ಧತಿಯೂ ಉಂಟು. ಹೊಸದಾಗಿ ಕಟ್ಟುವ ಮನೆಗೆ ಅದೇ ಮೇಲು. ಹೊರಗಿನ ಗಾಳಿಯಿಂದ ಶಾಖವನ್ನು ಸೆಳೆದು ತರುವ ಯಂತ್ರವನ್ನು ಅದಕ್ಕೆ ಜೋಡಿಸಿದರೆ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖ ಮನೆಯೊಳಕ್ಕೆ ಬರುತ್ತದೆ. ತಂತಿಯಿಂದಾದರೋ ಒಂದಕ್ಕೆ ಒಂದೇ. ಆದರೆ ಕೊಳವೆಗಳಿಗೆ ನೆಲವನ್ನು ಆಳವಾಗಿ ಅಗೆಯಬೇಕು, ಇಲ್ಲವೇ ಎತ್ತರಿಸಬೇಕು. ಹಳೆಯ ಮನೆಯ ಒಂದೇ ಸಣ್ಣ ಕೋಣೆಗೆ, ದಿನಕ್ಕೆ ಮೂರು ಗಂಟೆಯ ಉಪಯೋಗಕ್ಕೆ, ಕೆಲವೇ ಮಿಲಿಮೀಟರು ದಪ್ಪದ ತಂತಿಯ ಜಾಲವೇ ಸಾಕು.

ನೆಲವನ್ನು ಬೆಚ್ಚಗೆ ಮಾಡುವ ಯೋಚನೆ ಇಂದು ನಿನ್ನೆಯದಲ್ಲ. ಪ್ರಾಚೀನ ರೋಮನರು ತಮ್ಮ ಸ್ನಾನಗೃಹಗಳ ನೆಲವನ್ನು ಸಣ್ಣ ಸಣ್ಣ ಇಟ್ಟಿಗೆಯ ಕಂಬಗಳ ಮೇಲೆ ನಿಲ್ಲಿಸಿ, ಆ ಟೊಳ್ಳಿನೊಳಗೆ ಕುಲುಮೆಯ ಬಿಸಿಗಾಳಿಯನ್ನು ಹಾಯಿಸುತ್ತಿದ್ದರು. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ಕಂಬಗಳು ಎರಡು ಅಡಿ ಎತ್ತರವಿರಬೇಕೆಂದೂ, ಕೆಳಗಿನ ತಳವು ಕುಲುಮೆಯ ಕಡೆಗೆ ಇಳಿಜಾರಾಗಿರಬೇಕೆಂದೂ ವಿಧಿಸಿದ್ದಾನೆ. ಇಳಿಜಾರು ಸರಿಯಾಗಿದೆಯೇ ಎಂದು ತಿಳಿಯಲು ಆತನು ಹೇಳುವ ಪರೀಕ್ಷೆ ಸ್ವಾರಸ್ಯವಾದುದು: ಒಳಕ್ಕೆಸೆದ ಚೆಂಡು ಅಲ್ಲಿ ನಿಲ್ಲದೆ ತಾನಾಗಿ ಕುಲುಮೆಯ ಬಾಯಿಗೆ ಉರುಳಿ ಬರಬೇಕು. ರೋಮನರು ಬ್ರಿಟನ್ನಿನಲ್ಲಿ ಕಟ್ಟಿದ ಸ್ನಾನಗೃಹಗಳ ಆ ಕಂಬಗಳನ್ನು ಬಾತ್ ನಗರದಲ್ಲಿ ಇಂದಿಗೂ ಕಾಣಬಹುದು. ಮೇಲಿನ ನೆಲ ಕಳಚಿಹೋದುದರಿಂದ, ಅಂದು ಸ್ನಾನಕ್ಕೆ ಬಂದವರಾರೂ ನೋಡದಿದ್ದ ಭಾಗವೇ ಇಂದು ನೋಡುವವರ ಕಣ್ಣಿಗೆ ಬೀಳುತ್ತದೆ.

ಕೊರಿಯಾ ದೇಶದಲ್ಲಿ ಈ ಪದ್ಧತಿಯು ಅರಮನೆಯಿಂದ ಗುಡಿಸಲಿನವರೆಗೆ ಹರಡಿತ್ತು. ಅದಕ್ಕೆ ‘ಓಂಡೋಲ್’ ಎಂದು ಹೆಸರು. ಅಡುಗೆಯ ಒಲೆಯ ಹೊಗೆ ಮತ್ತು ಬಿಸಿಗಾಳಿಗಳು ಕೋಣೆಯ ಕಲ್ಲುಹಾಸಿನ ಕೆಳಗಿನ ಸುರಂಗಗಳಲ್ಲಿ ಹಾದು, ಆಚೆಯ ಬದಿಯ ಹೊಗೆಗೂಡಿನಿಂದ ಹೊರಗೆ ಹೋಗುತ್ತವೆ. ಅನ್ನ ಬೇಯಿಸಿದ ಬೆಂಕಿಯೇ ಮಲಗುವ ನೆಲವನ್ನೂ ಕಾಯಿಸುತ್ತದೆ. ಒಲೆಗೆ ಹತ್ತಿರವಾದ ಕೊನೆ ಹೆಚ್ಚು ಬೆಚ್ಚಗಿರುತ್ತದೆ. ಅದನ್ನು ‘ಅರೆನ್‌ಮೋಕ್’ ಎನ್ನುತ್ತಾರೆ. ಆ ಜಾಗ ಮನೆಯ ಹಿರಿಯರಿಗೆ ಮತ್ತು ಅತಿಥಿಗಳಿಗೆ ಮೀಸಲು. ದಕ್ಷಿಣ ಕೊರಿಯಾವು 2018ರಲ್ಲಿ ಈ ಪದ್ಧತಿಯನ್ನು ತನ್ನ ರಾಷ್ಟ್ರೀಯ ಸಾಂಸ್ಕೃತಿಕ ಪರಂಪರೆಯೆಂದು ಘೋಷಿಸಿತು. ಆದರೆ ಇದೇ ಓಂಡೋಲ್ ಕಣ್ಣೀರನ್ನೂ ತರಿಸಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೌದೆಯ ಬದಲು ಕಲ್ಲಿದ್ದಲ ಬಿಲ್ಲೆಗಳನ್ನು ಉರಿಸತೊಡಗಿದಾಗ, ನೆಲದ ಬಿರುಕುಗಳಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಒಳಕ್ಕೆ ನುಸುಳಿ, ಎಷ್ಟೋ ಕುಟುಂಬಗಳು ನಿದ್ರೆಯಲ್ಲಿಯೇ ಪ್ರಾಣ ನೀಗಿದವು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಸಿದ ಕಾಗದದ ಕೆಳಗಿನ ಒಂದು ಸಣ್ಣ ಬಿರುಕನ್ನು ಮುಚ್ಚದೆ ಬಿಟ್ಟರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಕಿಲ್ಲ. ಅಲ್ಲಿನ ಮನೆಗಳಲ್ಲಿ ಕ್ರಮೇಣ ಬಿಸಿನೀರಿನ ಕೊಳವೆಗಳು ಆ ಸುರಂಗಗಳ ಸ್ಥಾನವನ್ನು ಪಡೆದವು.

ಅಮೆರಿಕದ ಪ್ರಖ್ಯಾತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಪಾನಿನಲ್ಲಿ ಒಂದು ಚಳಿಗಾಲದ ರಾತ್ರಿ ಶ್ರೀಮಂತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದರು. ಊಟದ ಕೋಣೆಯಲ್ಲಿ ಚಳಿಯಿಂದ ನಡುಗಿದ ಅವರನ್ನು ಊಟವಾದ ಮೇಲೆ ಕೊರಿಯಾದ ಮಾದರಿಯ ಕೋಣೆಯೊಂದಕ್ಕೆ ಕರೆದೊಯ್ದರು. ಒಲೆಯೂ ಇಲ್ಲದ, ಬೆಂಕಿಯೂ ಕಾಣದ ಆ ಕೋಣೆಯಲ್ಲಿ ವಸಂತ ಋತುವೇ ಬಂದಂತಾಯಿತು. ಆ ಅನುಭವವನ್ನು ಅವರು ಮರೆಯಲಿಲ್ಲ. 1923ರಲ್ಲಿ ಟೋಕಿಯೋದಲ್ಲಿ ತೆರೆದ ಇಂಪೀರಿಯಲ್ ಹೋಟೆಲಿನ ಸ್ನಾನದ ಕೋಣೆಗಳ ನೆಲದಡಿಯಲ್ಲಿ ವಿದ್ಯುತ್ತಿನಿಂದ ಕಾಯುವ ಸಾಧನಗಳನ್ನು ಇರಿಸಿದರು. ಅನಂತರ ಅಮೆರಿಕದಲ್ಲಿ ತಾವು ಕಟ್ಟಿದ ಮನೆಗಳ ನೆಲದಲ್ಲಿ ಕೊಳವೆಗಳನ್ನು ಹುದುಗಿಸಿದರು.

ಇಂಗ್ಲೆಂಡು ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು 1960ರ ದಶಕದಲ್ಲಿ. 1952ರ ಡಿಸೆಂಬರಿನಲ್ಲಿ ಲಂಡನ್ನಿನ ಮೇಲೆ ಕವಿದ ಕಲ್ಲಿದ್ದಲ ಹೊಗೆಯ ಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧವಾಯು ಶಾಸನವು ಜಾರಿಗೆ ಬಂತು. ಹೊಗೆಯಿಲ್ಲದ ಶಾಖವನ್ನು ಹುಡುಕುತ್ತಿದ್ದ ನಗರಸಭೆಗಳು ತಾವು ಕಟ್ಟಿಸಿದ ಬಹುಮಹಡಿಯ ಕಟ್ಟಡಗಳಲ್ಲಿ ನೆಲದ ಕಾಂಕ್ರೀಟಿನೊಳಗೇ ತಂತಿಗಳನ್ನು ಹೂಳಿಸಿದವು. ರಾತ್ರಿಯ ಅಗ್ಗದ ವಿದ್ಯುತ್ತಿನಿಂದ ನೆಲವನ್ನು ಕಾಯಿಸಿ ಹಗಲಿಗೆ ಉಳಿಸಿಕೊಳ್ಳುವುದು ಉದ್ದೇಶ. ಆದರೆ ಗೋಡೆಗಳು ಶಾಖವನ್ನು ಹಿಡಿದಿಡಲಿಲ್ಲ. 1973ರ ತೈಲಸಂಕಟದ ಅನಂತರ ದರಗಳು ಏರಿದಾಗ, ಅನೇಕ ಬಡ ಕುಟುಂಬಗಳು ಹಣ ತೆರಲಾರದೆ ತಂತಿಗಳನ್ನು ಆರಿಸಿಬಿಟ್ಟವು. ಅಂಥ ಮನೆಗಳಲ್ಲಿ ಗೋಡೆ ಬೆವರಿತು, ಬೂಷ್ಟು ಹಿಡಿಯಿತು. ಶಾಖವನ್ನು ಉಂಟುಮಾಡುವುದು ಒಂದು ವಿದ್ಯೆಯಾದರೆ, ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ಕಲಿಯದವನಿಗೆ ಮೊದಲನೆಯದು ದುಬಾರಿಯಾಗುತ್ತದೆ.

ಲೀಡ್ಸಿನ ಮನೆಗೆ ಕೆಲಸಕ್ಕೆ ಬಂದವರು ಅರವತ್ತು ದಾಟಿದ ಒಬ್ಬ ಮೇಸ್ತ್ರಿ. ಅವರು ಮಾತು ಕಡಿಮೆ, ಅಳತೆ ಹೆಚ್ಚು ಎನ್ನುವ ಸ್ವಭಾವದವರು. ಹಳೆಯ ಸ್ನಾನದ ತೊಟ್ಟಿಯನ್ನು ಕಿತ್ತು, ನೆಲಕ್ಕೆಲ್ಲ ಇಳಿಜಾರು ಕೊಟ್ಟು, ನಮ್ಮ ಬಚ್ಚಲಿನಂತೆ ಒಂದು ಮೂಲೆಯ ಕಿಂಡಿಗೆ ನೀರು ಹರಿಯುವ ಹಾಗೆ ಮಾಡಬೇಕೆಂದು ಮಗಳು ಕೇಳಿದಾಗ, ಅವರು ಕಾರಣ ವಿಚಾರಿಸಿದರು. ಅಜ್ಜಿಯ ಕಾಲಿನ ಮೇಲೆ ಕೂಸು ಮಲಗುವ ಚಿತ್ರವನ್ನು ಅವಳು ಕೈಸನ್ನೆಯಿಂದ ವಿವರಿಸಿದಳು. ಮೇಸ್ತ್ರಿ ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತ ನಿಂತು, “ಹಾಗಾದರೆ ಇದನ್ನು ಬಹಳ ಜೋಪಾನವಾಗಿ ಮಾಡಬೇಕು” ಎಂದರು.

ಮೊದಲು ಹಳೆಯ ಕಾಂಕ್ರೀಟಿನ ಮೇಲೆ ಗಟ್ಟಿಯಾದ, ಶಾಖನಿರೋಧಕವಾದ 10 ಮಿಲಿಮೀಟರಿನ ಹಲಗೆಗಳನ್ನು ಅಂಟಿಸಿದರು. ಇದು ಇಲ್ಲದಿದ್ದರೆ ತಂತಿಯ ಶಾಖದಲ್ಲಿ ದೊಡ್ಡ ಪಾಲು ಕೆಳಗಿಳಿದು ಮಣ್ಣಿನ ಪಾಲಾಗುತ್ತದೆ. ಮನೆಯವರು ಭೂಮಿತಾಯಿಯ ಚಳಿ ಬಿಡಿಸಲು ಹಣ ತೆತ್ತಂತಾಗುತ್ತದೆ. ಹಲಗೆಗಳ ಮೇಲೆ ತಂತಿಯ ಜಾಲವನ್ನು ಹಾಸಿದರು. ಜಾಲದ ಬಲೆಯನ್ನು ಕತ್ತರಿಸಿ ಬೇಕಾದತ್ತ ತಿರುಗಿಸಬಹುದು. ತಂತಿಯನ್ನು ಮಾತ್ರ ಎಂದಿಗೂ ಕತ್ತರಿಸಬಾರದು. ಒಂದು ಎಳೆ ಇನ್ನೊಂದನ್ನು ದಾಟಬಾರದು. ದಾಟಿದಲ್ಲಿ ಶಾಖ ಮಿತಿಮೀರುತ್ತದೆ. ಶೌಚಪೀಠದ ಕೆಳಗಾಗಲಿ, ನೆಲಕ್ಕೆ ಕೂರಿಸಿದ ಕಪಾಟಿನ ಕೆಳಗಾಗಲಿ ತಂತಿ ಹೋಗಬಾರದು. ಅಲ್ಲಿ ಶಾಖಕ್ಕೆ ಹೊರಬರಲು ದಾರಿಯಿರುವುದಿಲ್ಲ. ಎರಡು ಎಳೆಗಳ ನಡುವೆ ಒಂದು ಸಣ್ಣ ಕೊಳವೆಯನ್ನಿಟ್ಟು, ಅದರೊಳಗೆ ನೆಲದ ತಾಪವನ್ನು ಅಳೆಯುವ ಸಂವೇದಕವನ್ನು ಇಳಿಬಿಟ್ಟರು. ಅದು ಎಂದಾದರೂ ಕೆಟ್ಟರೆ ನೆಲ ಅಗೆಯದೆ ಎಳೆದು ತೆಗೆಯಬಹುದು. ನಿಯಂತ್ರಕವನ್ನು ನೀರು ತಗಲದಂತೆ ಬಾಗಿಲಿನ ಹೊರಗೆ ಕೂರಿಸುವುದೆಂದಾಯಿತು. ವಿದ್ಯುತ್ ಜೋಡಣೆ ಅರ್ಹತೆ ಪಡೆದ ವಿದ್ಯುತ್ ಕುಶಲಕರ್ಮಿಯ ಪಾಲು. ಸ್ನಾನದ ಕೋಣೆಯ ಇಂಥ ಕೆಲಸಕ್ಕೆ ಅಲ್ಲಿ ಕಟ್ಟಡ ನಿಯಮಗಳ ಕಟ್ಟುಪಾಡಿದೆ. 30 ಮಿಲಿಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಸಂಪರ್ಕವನ್ನು ಕಡಿದುಹಾಕುವ ರಕ್ಷಣಾ ಸಾಧನವನ್ನು ಅದಕ್ಕೆ ಜೋಡಿಸಲೇಬೇಕು.

ಪೆಟ್ಟಿಗೆಯಿಂದ ತೆಗೆದಾಗಲೇ ಮೇಸ್ತ್ರಿ ತಂತಿಯ ರೋಧವನ್ನು ಅಳೆದಿದ್ದರು: 88 ಓಮ್. 600 ವಾಟಿನ ತಂತಿಗೆ 230 ವೋಲ್ಟಿನಲ್ಲಿ ಅಷ್ಟೇ ಇರಬೇಕು. ಹಾಸಿದ ಮೇಲೆ ಅಳೆದರು: 88. ಎರಡನ್ನೂ ಒಂದು ಕಾಗದದಲ್ಲಿ ಬರೆದರು. ಕತ್ತಲಾದುದರಿಂದ ಟೈಲ್ಸ್ ಕೆಲಸವನ್ನು ಮರುದಿನಕ್ಕೆ ಬಿಟ್ಟು ಹೋದರು.

ಮರುದಿನ ಬೆಳಿಗ್ಗೆ, ಅಂಟು ಗಾರೆಯನ್ನು ಕಲಸುವ ಮೊದಲು, ಮೇಸ್ತ್ರಿ ಮತ್ತೆ ಮೀಟರು ತೆಗೆದರು. 88 ಓಮ್ ಇದ್ದೇ ಇತ್ತು. ಕೆಲಸ ಮುಂದುವರಿಸಬಹುದೆಂದು ಅಳಿಯನು ಭಾವಿಸಿದನು. ಆದರೆ ವಿದ್ಯುತ್ ಕುಶಲಕರ್ಮಿಯು ಎರಡನೆಯ ಪರೀಕ್ಷೆಯನ್ನು ಮಾಡಿದನು. ಒಳಗಿನ ತಂತಿಗೂ ಅದರ ಸುತ್ತಲಿನ ಭೂಸಂಪರ್ಕದ ಕವಚಕ್ಕೂ ನಡುವೆ ವಿದ್ಯುತ್ ಸೋರುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಹಿಂದಿನ ದಿನ ಚೆನ್ನಾಗಿದ್ದ ಆ ಅಂಕಿ ಈಗ ಕುಸಿದುಹೋಗಿತ್ತು. ಮೂವರೂ ಮೊಣಕಾಲೂರಿ ಹುಡುಕಿದರು. ಕೋಣೆಯ ನಡುವೆ ಒಂದು ಎಳೆಯ ಹೊರಕವಚವು ಅಕ್ಕಿಕಾಳಿನಷ್ಟು ಅಗಲ ಜಜ್ಜಿತ್ತು.

“ರಾತ್ರಿ ಇಲ್ಲಿಗೆ ಯಾರಾದರೂ ಬಂದಿದ್ದರೇ?” ಎಂದು ಮೇಸ್ತ್ರಿ ಕೇಳಿದರು.

ಅಳಿಯನು ಕ್ಷಣಕಾಲ ಸುಮ್ಮನಿದ್ದನು. ಹೌದು, ಆತನೇ ಬಂದಿದ್ದನು. ಉರಿಯದಿದ್ದ ದೀಪವನ್ನು ಬದಲಿಸಲು ಉಕ್ಕಿನ ಏಣಿಯನ್ನು ತಂದು ನಿಲ್ಲಿಸಿದ್ದನು. ಐದೇ ನಿಮಿಷದ ಕೆಲಸ. ಏಣಿಯ ಕಾಲು ಎಲ್ಲಿ ಊರಿತೆಂದು ನೋಡಿರಲಿಲ್ಲ. ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಹುಶಃ ತಯಾರಕರ ತಪ್ಪೆಂದೇ ಎಣಿಸುತ್ತಿದ್ದರು. “ತಪ್ಪು ನನ್ನದು” ಎಂದನು. ಹಾಗೆಂದರೂ ಮನಸ್ಸು ಇನ್ನೊಂದು ದಾರಿಯನ್ನು ಹುಡುಕುತ್ತಿತ್ತು. ಹೊಸ ಜಾಲ ಬರಲು ನಾಲ್ಕು ದಿನವಾದರೂ ಬೇಕು. ಹೆಂಡತಿಗೆ ಎಂಟನೆಯ ತಿಂಗಳು. ಅತ್ತೆಯ ವಿಮಾನದ ದಿನ ನಿಶ್ಚಯವಾಗಿದೆ. ಇನ್ನೂರು ಪೌಂಡು ಮತ್ತೆ ಕೈಬಿಡುತ್ತದೆ. “ತಂತಿ ತುಂಡಾಗಿಲ್ಲವಲ್ಲ? ಗಾಯಕ್ಕೆ ಪಟ್ಟಿ ಸುತ್ತಿ ಟೈಲ್ಸ್ ಹಾಕಿಬಿಟ್ಟರೆ ನೆಲ ಬೆಚ್ಚಗಾಗುವುದಿಲ್ಲವೇ?” ಎಂದು ಕೇಳಿದನು.

“ಆಗುತ್ತದೆ” ಎಂದರು ಮೇಸ್ತ್ರಿ. “ನಾಳೆಯೂ ಆಗುತ್ತದೆ, ತಿಂಗಳೊಪ್ಪತ್ತು ಆಗಲೂಬಹುದು. ಆಮೇಲೆ ಒಂದು ದಿನ ನೀರಿನ ಪಸೆ ಆ ಗಾಯವನ್ನು ಮುಟ್ಟುತ್ತದೆ. ರಕ್ಷಣಾ ಸಾಧನ ಪ್ರಾಣವನ್ನು ಉಳಿಸೀತು. ನೆಲ ಮಾತ್ರ ಮತ್ತೆ ಕಾಯಲಾರದು. ಆಗ ಈ ಟೈಲ್ಸೆಲ್ಲ ಒಡೆಯಬೇಕು. ಮುಚ್ಚುವ ಮೊದಲು ಎಷ್ಟು ಸಲವಾದರೂ ನೋಡಬಹುದು. ಮುಚ್ಚಿದ ಮೇಲೆ ಒಂದು ಸಲವೂ ನೋಡಲಾಗದು. ನೀವೇ ಹೇಳಿದಿರಿ, ಇದು ಕೂಸಿಗೆ ಸ್ನಾನ ಮಾಡಿಸುವ ನೆಲ ಎಂದು.”

ಇಷ್ಟು ಹೇಳಿ ಅವರು ಕರಣೆಯನ್ನು ತೊಳೆದು ಚೀಲದಲ್ಲಿರಿಸಿದರು. ಅಳಿಯನು ಮತ್ತೆ ವಾದಿಸಲಿಲ್ಲ. ಹೊಸ ಜಾಲಕ್ಕೆ ಹೇಳಿ ಕಳುಹಿಸಿದನು. ಅದು ಬಂದ ಮೇಲೆ ಪೆಟ್ಟಿಗೆಯಲ್ಲಿರುವಾಗ, ಹಾಸಿದ ಮೇಲೆ, ಗಾರೆ ಮತ್ತು ನೀರುನಿರೋಧಕ ಲೇಪನಗಳ ಅನಂತರ, ಕೊನೆಗೆ ಟೈಲ್ಸ್ ಕೂರಿಸಿದ ಅನಂತರ, ಹೀಗೆ ನಾಲ್ಕು ಸಲ ಎರಡೂ ಪರೀಕ್ಷೆಗಳು ನಡೆದವು. ಪ್ರತಿಯೊಂದು ಸಲವೂ ಅಂಕಿಗಳು ಕಾಗದಕ್ಕೆ ಏರಿದವು. ಟೈಲ್ಸ್ ಕೂರಿಸುವ ಮೊದಲು ತಂತಿಗಳ ಛಾಯಾಚಿತ್ರವನ್ನೂ ತೆಗೆದಿಟ್ಟರು. ಮುಂದೆ ಯಾರಾದರೂ ನೆಲಕ್ಕೆ ಮೊಳೆ ಹೊಡೆಯಬೇಕಾದರೆ ತಂತಿ ಎಲ್ಲಿದೆಯೆಂದು ತಿಳಿದಿರಬೇಕು.

ತಾಯಿ ಬಂದಿಳಿದದ್ದು ಡಿಸೆಂಬರಿನ ನಡುವೆ, ಇಂಗ್ಲೆಂಡಿನ ಮೇಲೆ ಕಡುಚಳಿ ಕವಿದಿದ್ದ ವಾರದಲ್ಲಿ. ನೆಲ ಸಿದ್ಧವಾಗಿತ್ತು, ಆದರೆ ಇನ್ನೂ ತಣ್ಣಗಿತ್ತು. ಗಾರೆಯು ತಾನಾಗಿ ಒಣಗುವವರೆಗೆ ತಂತಿಗೆ ವಿದ್ಯುತ್ತು ಕೊಡಬಾರದೆಂದು ತಯಾರಕರ ಸೂಚನೆಯಿತ್ತು. ಆ ಅವಧಿಗೆ ಐದು ದಿನ ಉಳಿದಿತ್ತು. ಮೊದಲ ದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೊರಟಾಗ ಅಳಿಯನು ಸಂಕೋಚದಿಂದ, “ಒಂದು ಗಂಟೆಯ ಮಟ್ಟಿಗೆ ಹಾಕಿಬಿಡಲೇ, ಅತ್ತೆ?” ಎಂದು ಕೇಳಿದನು. ಕಾರಣವನ್ನೆಲ್ಲ ವಿಚಾರಿಸಿ ತಿಳಿದುಕೊಂಡ ಅವರು, “ಬೇಡಿ. ಸುಣ್ಣದ ಗಾರೆಯ ನೆಲ ಮಾಡಿದಾಗ ನಮ್ಮ ಮಾವನವರು ವಾರಗಟ್ಟಲೆ ಯಾರನ್ನೂ ಅದರ ಮೇಲೆ ಕಾಲಿಡಲು ಬಿಟ್ಟಿರಲಿಲ್ಲ. ಅವಸರದಲ್ಲಿ ಒಣಗಿಸಿದ ನೆಲ ಬಿರುಕು ಬಿಡುತ್ತದೆ. ನಾಲ್ಕು ವರ್ಷ ಕಾದವರು ನಾವು, ಐದು ದಿನ ಕಾಯಲಾರೆವೇ? ನೀವು ಚಿಂತೆ ಮಾಡಬೇಡಿ” ಎಂದರು. ಮೇಸ್ತ್ರಿಯ ಭಾಷೆ ಅವರಿಗೆ ತಿಳಿಯದು. ಅವರ ಭಾಷೆ ಮೇಸ್ತ್ರಿಗೆ ತಿಳಿಯದು. ಆದರೂ ಕೆಲಸದ ವಿಷಯದಲ್ಲಿ ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದರು.

ಜನವರಿಯಲ್ಲಿ ಗಂಡುಮಗು ಹುಟ್ಟಿತು. ಮೊದಲ ಎಣ್ಣೆನೀರಿನ ದಿನ ಬೆಳಿಗ್ಗೆ ಆರು ಗಂಟೆಗೇ ನಿಯಂತ್ರಕವು ತಂತಿಯನ್ನು ಚಾಲನೆಗೊಳಿಸಿತ್ತು. ಅಜ್ಜಿ ಬರುವ ವೇಳೆಗೆ ನೆಲದ ತಾಪ 29 ಡಿಗ್ರಿ. ಬೆಂಕಿಯ ಮುಂದೆ ಕುಳಿತವರ ಮುಖ ಸುಟ್ಟು ಬೆನ್ನು ನಡುಗುವುದುಂಟು. ಗೋಡೆಯ ಬದಿಯ ಶಾಖಯಂತ್ರದ ಬಿಸಿಗಾಳಿ ಮೇಲೇರಿ ಮಾಡಿನ ಕೆಳಗೆ ನಿಲ್ಲುವುದುಂಟು. ಇಲ್ಲಿ ಹಾಗಿಲ್ಲ. ನೆಲಕ್ಕೆ ತಾಗಿದ ಕಾಲಿಗೆ ಶಾಖ ನೇರವಾಗಿ ಹರಿಯುತ್ತದೆ. ತಾಗದ ಮೈಗೆ ವಿಕಿರಣದಿಂದ ಮುಟ್ಟುತ್ತದೆ. ಅಜ್ಜಿ ಹಲಸಿನ ಮಣೆಯ ಮೇಲೆ ಕುಳಿತು ಕಾಲು ಚಾಚಿದರು. ಹಿಮ್ಮಡಿ ನೆಲವನ್ನು ಮುಟ್ಟಿದೊಡನೆ ಅವರ ಮುಖದಲ್ಲಿ ಒಂದು ಆಶ್ಚರ್ಯ ಮೂಡಿತು. ಅಂಗೈಯನ್ನು ಟೈಲ್ಸಿನ ಮೇಲಿಟ್ಟು ಸುಮ್ಮನೆ ಕುಳಿತರು.

ನಾಲ್ಕು ವರ್ಷದ ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ತಾನೂ ಬಂದು ನೆಲವನ್ನು ಮುಟ್ಟಿದಳು. “ಅಜ್ಜಿ, ನೆಲಕ್ಕೆ ಜ್ವರ ಬಂದಿದೆ!” ಎಂದಳು.

“ಜ್ವರ ಅಲ್ಲ ಮಗೂ. ನಿನ್ನ ಅಪ್ಪ ಅಮ್ಮ ಇದರ ಕೆಳಗೆ ನಮ್ಮ ಊರಿನ ಹಂಡೆಯೊಲೆ ಹಚ್ಚಿಸಿದ್ದಾರೆ” ಎಂದರು ಅಜ್ಜಿ.

ಮಂಡಿಯ ಸವೆತವು ವಾಸಿಯಾಗಲಿಲ್ಲ. ನೆಲ ಬೆಚ್ಚಗಾದ ಮಾತ್ರಕ್ಕೆ ಅದು ವಾಸಿಯಾಗುವಂಥದೂ ಅಲ್ಲ. ಸ್ನಾನ ಮುಗಿದ ಮೇಲೆ ಏಳುವಾಗ ಅಜ್ಜಿಗೆ ಈಗಲೂ ಆಸರೆ ಬೇಕಾಗಿತ್ತು. ಆದರೆ ಈ ಸಲ ಅವರು ಬಾಗಿಲನ್ನು ಮುಂದೆ ಮಾಡಿಕೊಳ್ಳಲಿಲ್ಲ. ಮಗಳನ್ನು ಕರೆದು ಅವಳ ಕೈ ಹಿಡಿದುಕೊಂಡು ಎದ್ದರು.

ಆ ಮನೆಯ ವಿದ್ಯುತ್ ಮೀಟರಿನ ಕಪಾಟಿನ ಬಾಗಿಲ ಒಳಮೈಯಲ್ಲಿ ಮೇಸ್ತ್ರಿ ಅಂಟಿಸಿಹೋದ ಕಾಗದವೊಂದಿದೆ. ಅದರಲ್ಲಿ ದಿನಾಂಕಗಳೂ, ಒಂದರ ಕೆಳಗೊಂದರಂತೆ ನಾಲ್ಕು ಸಲ ಬರೆದ 88 ಎಂಬ ಅಂಕಿಯೂ, ಪ್ರತಿಯೊಂದರ ಪಕ್ಕದಲ್ಲಿ ಸೋರಿಕೆಯಿಲ್ಲವೆಂಬ ಗುರುತೂ ಇವೆ. ಬಂದ ನೆಂಟರು ಮೇಲಿನ ಟೈಲ್ಸಿನ ಬಣ್ಣವನ್ನು ಮೆಚ್ಚಿಕೊಳ್ಳುತ್ತಾರೆ. ಕಪಾಟನ್ನು ತೆರೆದು ನೋಡುವವರು ಯಾರೂ ಇಲ್ಲ. ಆದರೂ ಆ ನೆಲದ ಬೆಚ್ಚನೆಯೆಲ್ಲ ನಿಂತಿರುವುದು ಆ ಕಾಗದದ ಮೇಲೆ.